ಮಕ್ಕಳಿಗೆ ಮೊದಲು ಕೆರೆಯ ಏರಿ ತೋರಿಸಿ

ನಾಲ್ಕನೇ ತರಗತಿ ಮಕ್ಕಳು ಬೆಟ್ಟ, ನದಿ ನೈಸರ್ಗಿಕ, ರಸ್ತೆ, ಸೇತುವೆ ಮಾನವ ನಿರ್ಮಿತ ಅಂತ ಪಟ್ಟಿ ಒಪ್ಪಿಸುತ್ತಾರೆ, ಹೊರಗೆ ಕರೆದುಕೊಂಡು ಹೋದರೆ ತಬ್ಬಿಬ್ಬಾಗುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಕೋಲಾರದ ಕಡೆ ಹಳ್ಳಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಪಟ್ಟಿ ಬದಿಗಿಟ್ಟು ಕೆರೆಯಿಂದ ಶುರು ಮಾಡಿ.

ಕೆರೆ ಯಾವುದಕ್ಕೆ ಸೇರುತ್ತೆ ಅಂದರೆ ಇಡೀ ತರಗತಿ 'ನೈಸರ್ಗಿಕ' ಅಂತ ಕೂಗುತ್ತದೆ. ನೀರು, ಕೊಕ್ಕರೆ, ಜೊಂಡು ಎಲ್ಲ ಇದೆಯಲ್ಲ, ಅವರ ತಪ್ಪಲ್ಲ. ಆಗ ಏರಿ, ಅಂದರೆ ನೀರಿಗೆ ಅಡ್ಡ ಕಟ್ಟಿದ ದಿಣ್ಣೆಯ ಮೇಲೆ ನಡೆಸುತ್ತೇನೆ. ಒಳಮೈಗೆ ಈ ಕಲ್ಲು ಜೋಡಿಸಿದ್ದು ಯಾರು? ಗದ್ದೆಗೆ ನೀರು ಬಿಡುವ ತೂಬು ಯಾಕಿದೆ? ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿ ಆ ಮೂಲೆಯಲ್ಲೇ ಯಾಕೆ? ಏರಿ ಇಲ್ಲದಿದ್ದರೆ ನೀರು ಏನಾಗುತ್ತಿತ್ತು ಅಂತ ಕೇಳಿದಾಗ ಒಬ್ಬಳು ಹುಡುಗಿ ಕೆಳಗಿನ ಗದ್ದೆ ಕಡೆ ಕೈ ತೋರಿಸಿ, 'ಹಂಗೇ ಹಳ್ಳದಲ್ಲಿ ಹೋಗ್ಬಿಡೋದು ಮಿಸ್' ಅಂದಳು. ನನಗೆ ಬೇಕಾಗಿದ್ದು ಅದೇ. ಮಳೆ, ಇಳಿಜಾರು, ಹಳ್ಳ ಪ್ರಕೃತಿಯವು, ಅಡ್ಡ ಕಟ್ಟಿ ನೀರು ನಿಲ್ಲಿಸಿದ್ದು ನಮ್ಮ ಹಿರಿಯರು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು, ಅದಕ್ಕೇ ಇಷ್ಟೊಂದು ಕೆರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಬಿಡುತ್ತಿದ್ದಾರೆ, ಅಂದರೆ ಅಲ್ಲಿ ನೀರು ಬರುವ ದಾರಿಯೂ ಜನ ಮಾಡಿದ್ದೇ.

ಎಲ್ಲಿ ಹೋದರೂ ಒಂದೇ ಪ್ರಶ್ನೆ ಕೇಳಿ: 'ಜನ ಇಲ್ಲದಿದ್ದರೂ ಇದು ಇರುತ್ತಿತ್ತಾ?' ಕೋಲಾರದ ಬೆಟ್ಟದಲ್ಲಿರುವ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತೆ ಅಲ್ವಾ, ಅಲ್ಲಿ ಮಕ್ಕಳು ತಾವೇ ಬಿಡಿಸಿ ಹೇಳುತ್ತಾರೆ. ಬೆಟ್ಟ, ಬಂಡೆ, ಒರತೆ ಇರುತ್ತಿತ್ತು. ಬಸವ, ಕಲ್ಯಾಣಿ, ಮೆಟ್ಟಿಲು ಇರುತ್ತಿರಲಿಲ್ಲ.

ಚಿನ್ನದ ಗಣಿಯ ಊರು ಕೆಜಿಎಫ್‌ನ ಸೈನೈಡ್ ಗುಡ್ಡ ಮಾತ್ರ ದೊಡ್ಡವರನ್ನೂ ಏಮಾರಿಸುತ್ತದೆ. ದೂರದಿಂದ ಥೇಟ್ ಗುಡ್ಡ, ಮಳೆಗೆ ಕೊರೆದ ಕೊರಕಲೂ ಇವೆ. ಆದರೆ ಅದು ಗಣಿಯಿಂದ ತೆಗೆದ ಕಲ್ಲನ್ನು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು. 2001ರಲ್ಲಿ ಗಣಿ ಮುಚ್ಚಿತು, ಗುಡ್ಡ ಹಾಗೇ ನಿಂತಿದೆ. ದೂರದಿಂದಲೇ ತೋರಿಸಿ, ಆ ಧೂಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ವಾಪಸ್ ಬಂದು ಊರಿನ ನಕ್ಷೆ ಬರೆಸಿ. ಪ್ರಕೃತಿಯದ್ದಕ್ಕೆ ಹಸಿರು, ಜನ ಮಾಡಿದ್ದಕ್ಕೆ ಕೆಂಪು ಬಣ್ಣ. ಕೆರೆಗೆ ಎರಡೂ ಹಚ್ಚಿದರೆ ತಿದ್ದಬೇಡಿ, ಯಾಕೆ ಅಂತ ಕೇಳಿ. ಪರೀಕ್ಷೆಯಲ್ಲಿ ಎರಡೇ ಕಾಲಂ ಕೊಟ್ಟಿದ್ದರೆ ನಮ್ಮ ಕಡೆಯ ಕೆರೆಯನ್ನು ಮಾನವ ನಿರ್ಮಿತ ಅನ್ನೋ ಕಡೆಗೇ ಬರೆಸಿ.