ಮಂಗಳೂರಿನಲ್ಲಿ ಬೈಕ್ ಕಳ್ಳತನವಾಗಿದೆ, ಮನೆ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ. ಯಾವ ಸ್ಟೇಷನ್‌ಗೆ ದೂರು ಕೊಡಬೇಕು?

ಯಾವ ಸ್ಟೇಷನ್ ಎಂಬ ಚಿಂತೆ ಬಿಡಿ. ನನಗೂ ಮೊದಲು ಅದೇ ಚಿಂತೆ ಇತ್ತು, ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ.

ನನ್ನ ಸ್ಕೂಟರ್ ಹೋದದ್ದು ಹಂಪನಕಟ್ಟೆಯ ಹತ್ತಿರ. ಬಸ್ಸು ಹತ್ತಿ ಊರಿಗೆ ಬಂದು ನಮ್ಮ ಕಡೆಯ ಸ್ಟೇಷನ್‌ಗೇ ಹೋದೆ. "ಅದು ಕರ್ನಾಟಕ, ಅಲ್ಲಿಗೇ ಹೋಗಿ" ಅಂತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು, ಅದರ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ದೂರು ತೆಗೆದುಕೊಳ್ಳಬೇಕು. ಝೀರೋ ಎಫ್‌ಐಆರ್ ಅಂತಾರಲ್ಲ, ಅದೇ. ಆಮೇಲೆ ಅದು ಕಳ್ಳತನ ನಡೆದ ಜಾಗದ ಸ್ಟೇಷನ್‌ಗೆ ಹೋಗುತ್ತದೆ.

ಕೆಲಸ ಕೆಟ್ಟದ್ದು ದೂರು ಬರೆಯುವಾಗ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಎಷ್ಟೋ ಜನರ ಪಾಡು ಇದೇ ಅಲ್ವಾ? ನಾನು ಹೇಳುತ್ತಾ ಹೋದೆ, ಪೊಲೀಸರು ಮಲಯಾಳದಲ್ಲಿ ಬರೆಯುತ್ತಾ ಹೋದರು. ಒಂದು ಕೀ ಕೈಯಲ್ಲಿದೆ, ಇನ್ನೊಂದು ಮನೆಯಲ್ಲಿದೆ, ಡಿಕ್ಕಿಯಲ್ಲಿ ರೈನ್‌ಕೋಟ್ ಇತ್ತು ಅಂದೆ. ಕಾಗದದಲ್ಲಿ ಆ ಇನ್ನೊಂದು ಕೀ ರೈನ್‌ಕೋಟ್ ಜೊತೆ ಡಿಕ್ಕಿ ಸೇರಿಬಿಟ್ಟಿತ್ತು. ಓದಿ ಹೇಳಿ ಅಂತ ನಾನು ಕೇಳಲಿಲ್ಲ, ಸಹಿ ಹಾಕಿದೆ. ಬಾಯಿಮಾತಿನ ದೂರನ್ನು ಬರೆದ ಮೇಲೆ ದೂರು ಕೊಟ್ಟವರಿಗೆ ಓದಿ ಹೇಳಲೇಬೇಕು ಅಂತ ಅದೇ 173ನೇ ಸೆಕ್ಷನ್‌ನಲ್ಲಿದೆ. ಅವರು ಓದಲಿಲ್ಲ, ನಾನು ಕೇಳಲಿಲ್ಲ. ಎಫ್‌ಐಆರ್ ಪ್ರತಿ ಕೈಗೆ ಬಂದಾಗಲಾದರೂ ಮಲಯಾಳ ಓದುವ ಯಾರಿಗಾದರೂ ತೋರಿಸಬಹುದಿತ್ತು. ಸುಮ್ನೆ ಫೈಲಿನಲ್ಲಿಟ್ಟೆ.

ಓದಿದವರು ಇನ್ಶೂರೆನ್ಸ್‌ನವರು. ಎರಡೂ ಕೀ ಮೇಜಿನ ಮೇಲಿಟ್ಟೆ. "ಇದು ಗಾಡಿಯಲ್ಲೇ ಇತ್ತು ಅಂತ ನೀವೇ ಬರೆಸಿದ್ದೀರಿ, ಈಗ ಎಲ್ಲಿಂದ ಬಂತು?" ಅಂದರು. ಕ್ಲೇಮ್ ತಳ್ಳಿಹಾಕಿದರು. ಎಫ್‌ಐಆರ್ ತಿದ್ದಲು ಆಗುವುದಿಲ್ಲ, ಬೇರೆ ಹೇಳಿಕೆ ಕೊಡಬಹುದು ಅಷ್ಟೆ ಅಂದರು ಸ್ಟೇಷನ್‌ನಲ್ಲಿ. ಕೊಟ್ಟೆ. ಕಂಪೆನಿ ಅದನ್ನು ನಂಬಲಿಲ್ಲ.

ಹಾಗಾಗಿ ಬಾಯಲ್ಲಿ ಹೇಳಲೇಬೇಡಿ. ಮನೆಯಲ್ಲಿ ಕೂತು ಕನ್ನಡದಲ್ಲೇ ಬರೆಯಿರಿ: ಗಾಡಿ ನಂಬರ್, ಚಾಸಿಸ್ ನಂಬರ್, ಎಲ್ಲಿ ಎಷ್ಟು ಹೊತ್ತಿಗೆ ನಿಲ್ಲಿಸಿದ್ದು, ಕೀ ಎಲ್ಲಿವೆ. ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕಾಸರಗೋಡಿನಲ್ಲಿ ಕನ್ನಡದಲ್ಲಿ ದೂರು ಕೊಡಲು ಯಾರ ದಾಕ್ಷಿಣ್ಯವೂ ಬೇಡ.

ನನ್ನನ್ನು ಕೇಳಿದರೆ, ನಾಳೆ ಬೆಳಿಗ್ಗೆ ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲೇ ಕೊಡಿ. ತನಿಖೆ ಹೇಗೂ ಅಲ್ಲೇ ಆಗುವುದು, ಸಿಸಿಟಿವಿ ದೃಶ್ಯವೂ ಜಾಸ್ತಿ ದಿನ ಉಳಿಯುವುದಿಲ್ಲ. ಹೋಗಲು ಆಗದಿದ್ದರೆ ಮಾತ್ರ ಝೀರೋ ಎಫ್‌ಐಆರ್. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಾಗಿಲ್ಲ. ಇನ್ಶೂರೆನ್ಸ್‌ಗೆ ಇವತ್ತೇ ಫೋನ್ ಮಾಡಿ.