ಚಿನ್ನದ ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ?

ಪ್ರಶ್ನೆ: ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಚಿನ್ನ ಹುಟ್ಟುತ್ತದಂತೆ. ಆದರೆ ಎಷ್ಟು ಹುಟ್ಟುತ್ತದೆ ಅಂದರೆ ಒಂದೊಂದು ಕಂಪ್ಯೂಟರ್ ಮಾದರಿ ಒಂದೊಂದು ಹೇಳುತ್ತದೆ. ಯಾಕೆ ಸರ್?
– ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮೂರಿನ ಮಂಡಕ್ಕಿ ಭಟ್ಟಿಯಿಂದಲೇ ಶುರು ಮಾಡೋಣ. ಚೀಲದಲ್ಲಿರುವ ಮಂಡಕ್ಕಿ ನೋಡಿ, ಮರಳು ಎಷ್ಟು ಕಾದಿತ್ತು ಹೇಳಿ ಅಂದರೆ? ಅಕ್ಕಿಯ ಗುಣ ಗೊತ್ತಿದ್ದರೆ ಹೇಳಬಹುದು. ಗೊತ್ತಿಲ್ಲದಿದ್ದರೆ, ಸರಿಯಾಗಿ ಅರಳದ್ದು ಭಟ್ಟಿಯ ತಪ್ಪೋ ಅಕ್ಕಿಯ ತಪ್ಪೋ ತಿಳಿಯುವುದಿಲ್ಲ, ಅಲ್ವಾ? ಇಲ್ಲಿ ಭಟ್ಟಿ ಅಂದರೆ ಆ ಡಿಕ್ಕಿ, ಅಕ್ಕಿ ಅಂದರೆ ಪರಮಾಣುವಿನ ನ್ಯೂಕ್ಲಿಯಸ್. ಭಟ್ಟಿಯ ಬಗ್ಗೆಯೂ ಅನುಮಾನಗಳಿವೆ, ಇವತ್ತು ಅಕ್ಕಿಯ ಕಥೆ ಮಾತ್ರ ಹೇಳುತ್ತೇನೆ.

ನ್ಯೂಟ್ರಾನ್ ನಕ್ಷತ್ರ ಅಂದರೆ ಬಹುಪಾಲು ನ್ಯೂಟ್ರಾನ್‌ಗಳೇ ಒತ್ತೊತ್ತಾಗಿ ತುಂಬಿರುವ ನಕ್ಷತ್ರ. ಹಾಗಾಗಿ ಡಿಕ್ಕಿಯಿಂದ ಚಿಮ್ಮಿದ ವಸ್ತುವಿನಲ್ಲಿ ನ್ಯೂಟ್ರಾನ್‌ಗಳು ತುಂಬಿ ತುಳುಕುತ್ತವೆ. ನ್ಯೂಕ್ಲಿಯಸ್ ಅವನ್ನು ಬಡಬಡನೆ ನುಂಗುತ್ತದೆ. ನಡುನಡುವೆ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ. ಆಗ ಧಾತು ಆವರ್ತ ಕೋಷ್ಟಕದಲ್ಲಿ ಒಂದು ಮನೆ ಮುಂದೆ ಹೋಗುತ್ತದೆ. ಹೀಗೆ ಸಾಗಿ ಕೊನೆಗೆ ಕೆಲವು 79 ಪ್ರೋಟಾನ್, 118 ನ್ಯೂಟ್ರಾನ್ ಇರುವ ಚಿನ್ನವಾಗಿ ನಿಲ್ಲುತ್ತವೆ.

ತೊಡಕು ಇರುವುದು ದಾರಿಯಲ್ಲಿ. ಅಲ್ಲಿನ ನ್ಯೂಕ್ಲಿಯಸ್‌ಗಳಲ್ಲಿ ಹೆಚ್ಚಿನವು ಒಂದು ಸೆಕೆಂಡ್ ಕೂಡ ಬಾಳುವುದಿಲ್ಲ. ಅವನ್ನು ಲ್ಯಾಬಿನಲ್ಲಿಟ್ಟು ನ್ಯೂಟ್ರಾನ್‌ನಿಂದ ಹೊಡೆಯೋಣ ಅಂದರೆ ಇಡುವುದೆಲ್ಲಿ? ಉಲ್ಟಾ ಮಾಡೋಣ, ನ್ಯೂಟ್ರಾನನ್ನೇ ಇಡೋಣ ಅಂದರೆ ಒಂಟಿ ನ್ಯೂಟ್ರಾನ್‌ನ ಅರ್ಧಾಯುಷ್ಯವೇ (ಇದ್ದವುಗಳಲ್ಲಿ ಅರ್ಧ ಮುಗಿಯಲು ಹಿಡಿಯುವ ಸಮಯ) ಸುಮಾರು ಹತ್ತು ನಿಮಿಷ. ಹಾಗಾಗಿ ನುಂಗುವ ವೇಗವನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಅದಕ್ಕೆ ನ್ಯೂಕ್ಲಿಯಸ್‌ನ ತೂಕ ಬೇಕು, ನ್ಯೂಟ್ರಾನ್ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅನ್ನುವುದು ತೂಕದಿಂದಲೇ ಗೊತ್ತಾಗುವುದು. ತೂಕವೂ ಬಹುಪಾಲು ಅಂದಾಜೇ.

ಅಂದಾಜು ಅರ್ಧ ಎಂಇವಿ (ನ್ಯೂಕ್ಲಿಯಸ್‌ನ ತೂಕವನ್ನು ಶಕ್ತಿಯ ಲೆಕ್ಕದಲ್ಲಿ ಹೇಳುವ ಅಳತೆ) ತಪ್ಪಿತು ಅನ್ನಿ. ಚಿನ್ನದ ಆಸುಪಾಸಿನ ನ್ಯೂಕ್ಲಿಯಸ್‌ಗೆ ಅದು ಮೂರೂವರೆ ಲಕ್ಷದಲ್ಲಿ ಒಂದು ಪಾಲು. ಏನೂ ಅಲ್ಲ ಅನ್ನಿಸುತ್ತದೆ. ಆದರೆ ನೂರು ಕೋಟಿ ಡಿಗ್ರಿ ಶಾಖದಲ್ಲಿ, ನ್ಯೂಟ್ರಾನ್ ಅಂಟುವುದಕ್ಕೂ ಕಳಚುವುದಕ್ಕೂ ಇರುವ ತಕ್ಕಡಿ ಅಷ್ಟಕ್ಕೇ 300 ಪಟ್ಟು ವಾಲುತ್ತದೆ! ಮಾದರಿಗಳು ಜಗಳವಾಡುವುದು ಸುಮ್ನೆ ಅಲ್ಲ.

ಅಳತೆ ನಡೆಯುತ್ತಲೇ ಇದೆ. ಜಪಾನಿನ ರಿಕೆನ್ ಕೇಂದ್ರದ ತಂಡ 2015ರಲ್ಲಿ ಇಂಥ 110 ನ್ಯೂಕ್ಲಿಯಸ್‌ಗಳ ಅರ್ಧಾಯುಷ್ಯ ಪ್ರಕಟಿಸಿತು. ಅವು ಚಿನ್ನಕ್ಕಿಂತ ಹಗುರವಾದವು. ಅಮೆರಿಕದ ಮಿಷಿಗನ್‌ನಲ್ಲಿ 2022ರಿಂದ ಇಂಥ ಅಪರೂಪದ ನ್ಯೂಕ್ಲಿಯಸ್‌ಗಳನ್ನು ತಯಾರಿಸುವ ಎಫ್‌ಆರ್‌ಐಬಿ ಯಂತ್ರ ಕೆಲಸ ಮಾಡುತ್ತಿದೆ. ಚಿನ್ನದ ಕೇರಿ ಮಾತ್ರ ಇನ್ನೂ ಬಹುಪಾಲು ಕತ್ತಲೆ.

ಭಾರವಾದ ಧಾತುಗಳು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಲ್ಲಿ ಹುಟ್ಟುತ್ತವೆ ಅನ್ನುವುದಕ್ಕೆ ಈಗ ಜಾಸ್ತಿ ತಕರಾರಿಲ್ಲ. 2017ರ ಆಗಸ್ಟ್ 17ರಂದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಡಿಕ್ಕಿಯೊಂದು ಕಂಡಿತು. ಅದರ ಬೆಳಕಿನಲ್ಲಿ ಸ್ಟ್ರಾಂಷಿಯಂ ಎಂಬ ಭಾರವಾದ ಧಾತುವಿನ ಗುರುತು ಇದೆಯೆಂದು 2019ರಲ್ಲಿ ಗುರುತಿಸಿದರು. ಚಿನ್ನದ ಗುರುತು ಸಿಗಲಿಲ್ಲ. ಹಾಗಾಗಿ ಮುಂದೆ ಎರಡು ಮಾದರಿಗಳ ಉತ್ತರ ಬೇರೆಯಾಗಿದ್ದರೆ, ಎರಡೂ ನ್ಯೂಕ್ಲಿಯಸ್‌ಗಳ ತೂಕಕ್ಕೆ ಒಂದೇ ಪಟ್ಟಿ ಬಳಸಿವೆಯಾ ಅಂತ ಮೊದಲು ನೋಡಿ.