ಮೋಟಾರು ಟ್ರಕ್ ಸೆಟ್ ನೆಲದ ಮೇಲೆ ಓಡುತ್ತಿಲ್ಲ, ದೊಡ್ಡ ಮೋಟಾರು ಹಾಕಲೇ? ಸೆಟ್ಟೇ ಕಳಪೆಯೇ?

ದೊಡ್ಡ ಮೋಟಾರು ಬೇಡ. ಆರ್ಡರ್ ಮಾಡಿದ್ದರೆ ಮೊದಲು ರದ್ದು ಮಾಡಿ, ಆಮೇಲೆ ಇದನ್ನು ಓದಿ.

ಲೆಗೊ ಟೆಕ್ನಿಕ್ ಥರ ಬಿಡಿಭಾಗ ಜೋಡಿಸಿ ಕಟ್ಟುವ ಆಟಿಕೆ, ಮೂರು ಆಕ್ಸಲಿನ ಟ್ರಕ್ಕು, ಎರಡು ಸಾವಿರದ ಹತ್ತಿರ ಬಿಡಿಭಾಗ, ಎತ್ತಿ ಹಿಡಿದರೆ ಚಕ್ರ ಸಲೀಸಾಗಿ ತಿರುಗುತ್ತೆ, ನೆಲಕ್ಕಿಟ್ಟರೆ ಗುಂಯ್ ಅಂದು ನಿಲ್ಲುತ್ತೆ ಅಂತ ಬರೆದಿದ್ದೀರಿ. ನಾನು ಕಟ್ಟಿದ ಟ್ರಕ್ಕಿನ ಜಾತಕವೂ ಅಕ್ಷರಶಃ ಇದೇ. ಮೊದಲು ಬ್ಯಾಟರಿ ಬದಲಿಸಿದೆ, ಆರಕ್ಕೆ ಆರೂ ಹೊಸದು. ಗುಂಯ್ ಅನ್ನುವ ದನಿ ಜೋರಾಯ್ತು, ಟ್ರಕ್ಕು ಮಾತ್ರ ಅಲ್ಲೇ. ಆಮೇಲೆ ನಿಮ್ಮ ಹಾಗೇ ಯೋಚಿಸಿ ಎಲ್ ಅಳತೆಯ ಮೋಟಾರು ಕಿತ್ತು ಅದಕ್ಕಿಂತ ದೊಡ್ಡ ಎಕ್ಸ್‌ಎಲ್ ಕೂರಿಸಿದೆ. ಅದರ ಮೈ ದಪ್ಪ, ಜಾಗ ಮಾಡಲು ಚಾಸಿಯ ಎರಡು ಅಡ್ಡ ಬೀಮು (ಸಾಲು ತೂತಿನ ಪಟ್ಟಿ) ತೆಗೆಯಬೇಕಾಯ್ತು. ಈ ಸಲ ಟ್ರಕ್ಕು ಅರ್ಧ ಅಂಗುಲ ಕುಪ್ಪಳಿಸಿತು, ಒಳಗಿಂದ ಟಕ್ ಟಕ್ ಟಕ್ ಸದ್ದು. ಸ್ವಿಚ್ ಆರಿಸುವಷ್ಟರಲ್ಲಿ 12 ಹಲ್ಲಿನ ಬೆವೆಲ್ ಗೇರಿನ (ಉದ್ದದ ಶಾಫ್ಟಿನ ತಿರುಗುವಿಕೆಯನ್ನು ಅಡ್ಡ ಆಕ್ಸಲಿಗೆ ದಾಟಿಸುವ ಓರೆ ಹಲ್ಲಿನ ಗೇರು) ಮೂರು ಹಲ್ಲು ಮೊಂಡಾಗಿ ಅಂಚು ಬೆಳ್ಳಗಾಗಿತ್ತು.

ಕಾಗದದ ಮೇಲೆ ಎರಡು ಸಾಲು ಲೆಕ್ಕ ಹಾಕಿದ್ದರೆ ಆ ಗೇರು ಉಳಿಯುತ್ತಿತ್ತು. ಲೆಗೊ ಟೆಕ್ನಿಕ್ ಅಳತೆಯ ಎಲ್ ಮೋಟಾರು 9 ವೋಲ್ಟಿಗೆ ಖಾಲಿ ತಿರುಗಿದರೆ ನಿಮಿಷಕ್ಕೆ 390 ಸುತ್ತಿನ ಆಸುಪಾಸು, ಪೂರ್ತಿ ತಡೆದು ನಿಲ್ಲಿಸಿದಾಗ ಅದರ ತಿರುಚುಬಲ ಸುಮಾರು 18 ನ್ಯೂಟನ್ ಸೆಂಟಿಮೀಟರ್. 8 ಹಲ್ಲಿನದು 24 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರು ಪಟ್ಟು ಇಳಿಯುತ್ತೆ, 12 ಹಲ್ಲಿನದು, ಒಂದು ಆಕ್ಸಲಿನ ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್‌ನ 28ನ್ನು ತಿರುಗಿಸಿದರೆ 2.33 ಪಟ್ಟು. ಒಟ್ಟು 7. ಮೋಟಾರಿನ ಬಲದಲ್ಲಿ ಮೂರನೇ ಒಂದು ಪಾಲನ್ನಷ್ಟೇ ನೆಚ್ಚಿಕೊಳ್ಳಿ, 6 ಅನ್ನಿ. ವೇಗ ಎಷ್ಟು ಪಟ್ಟು ಇಳಿಯುತ್ತೋ ಬಲ ಅಷ್ಟು ಪಟ್ಟು ಏರುತ್ತೆ, ಏಳು ಪಟ್ಟು ಮಾಡಿದರೆ 42. ಅರ್ಧ ಘರ್ಷಣೆಗೆ ಹೋದರೂ 21 ಉಳಿಯುತ್ತೆ. ಎರಡು ಕಿಲೋ ಟ್ರಕ್ಕು, 62.4 ಮಿ.ಮೀ. ವ್ಯಾಸದ ಟೈರು, ಐದಡಿಗೆ ಒಂದಡಿ ಏರುವ ಇಳಿಜಾರು ಹತ್ತಲು ಬೇಕಾಗಿರುವುದು 12 ಚಿಲ್ಲರೆ. ಸಮತಟ್ಟಾದ ನೆಲದ ಮೇಲೆ ನಿಂತುಬಿಟ್ಟಿದೆ ಅಂದರೆ ಬಲ ಸಾಲದೆ ನಿಂತಿದ್ದಲ್ಲ, ಒಳಗೆ ಯಾವುದೋ ಎರಡು ಭಾಗ ಒಂದನ್ನೊಂದು ಹಿಡಿದುಕೊಂಡಿವೆ.

ನನ್ನಲ್ಲಿ ಹಿಡಿದುಕೊಂಡಿದ್ದು ಹಿಂದಿನ ಎರಡು ಆಕ್ಸಲುಗಳು. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ಸೆಟ್ಟಿನ ಕೈಪಿಡಿಯಲ್ಲಿ ಇದಕ್ಕೆ ಒಂದು ಚಿತ್ರ ಬಿಟ್ಟರೆ ವಿವರಣೆ ಇರಲಿಲ್ಲ.

ಮೋಟಾರಿನಿಂದ ಬಂದ ಶಾಫ್ಟು ಎರಡು ಹಿಂದಿನ ಆಕ್ಸಲುಗಳ ನಡುವೆ ಉದ್ದಕ್ಕೆ ಮಲಗಿರುತ್ತೆ. ಅದರ ಎರಡೂ ತುದಿಗೆ ಒಂದೊಂದು ಪುಟ್ಟ ಬೆವೆಲ್ ಗೇರು: ಮುಂದಿನ ತುದಿಯದು ನಡು ಆಕ್ಸಲಿನ ಡಿಫರೆನ್ಷಿಯಲನ್ನು ಕಚ್ಚುತ್ತೆ, ಹಿಂದಿನ ತುದಿಯದು ಕೊನೆಯ ಆಕ್ಸಲಿನದನ್ನು. ಡಿಫರೆನ್ಷಿಯಲ್‌ನ ಒಂದು ಪಕ್ಕಕ್ಕೆ ಮಾತ್ರ 28 ಹಲ್ಲಿನ ಬಳೆ ಇರುತ್ತೆ, ಇನ್ನೊಂದು ಪಕ್ಕ ಬೋಳು. ತಿರುಗಿಸಿ ಹಾಕಿದರೂ ಚೌಕಟ್ಟಿನೊಳಗೆ ಅಷ್ಟೇ ಚೆನ್ನಾಗಿ ಕೂರುತ್ತೆ, ಹಲ್ಲೂ ಕಚ್ಚುತ್ತೆ. ಅಪಾಯ ಇರುವುದು ಅಲ್ಲೇ.

ಕೈಪಿಡಿ ‘2×’ ಅಂತ ಬರೆದು ಒಂದೇ ಥರದ ಎರಡು ಆಕ್ಸಲ್ ಚೌಕಟ್ಟು ಕಟ್ಟಲು ಹೇಳಿತ್ತು, ಆಮೇಲೆ ಅವನ್ನು ಎದುರುಬದುರಾಗಿ ಜೋಡಿಸಬೇಕು. ನಾನು ಎದುರುಬದುರು ಅಂದಮೇಲೆ ಒಂದು ಇನ್ನೊಂದರ ಕನ್ನಡಿಬಿಂಬ ಇರಬೇಕು ಅಂದುಕೊಂಡೆ. ಜೋಡಿ ಚಪ್ಪಲಿ ಹೊಲಿದ ಹಾಗೆ ಒಂದು ಎಡ, ಒಂದು ಬಲ ಮಾಡಿ, ಎರಡೂ ಬಳೆ ಟ್ರಕ್ಕಿನ ಎಡಗಡೆಗೇ ಬರುವ ಹಾಗೆ ಕೂರಿಸಿದೆ. ನೋಡಲು ಅಚ್ಚುಕಟ್ಟು. ಬೇಕಿದ್ದದ್ದು ಎರಡೂ ಎಡಗಾಲಿನ ಚಪ್ಪಲಿ: ಒಂದೇ ಥರದವನ್ನು ಕಟ್ಟಿ ಒಂದನ್ನು ಅರ್ಧ ಸುತ್ತು ತಿರುಗಿಸಿಟ್ಟರೆ ಬಳೆ ತಾನಾಗಿ ಒಂದು ಎಡಕ್ಕೆ, ಒಂದು ಬಲಕ್ಕೆ ಬರುತ್ತೆ.

ಯಾಕೆ ಹಾಗೆ ಬರಬೇಕು? ನಡು ಆಕ್ಸಲಿನ ಬಳೆಯನ್ನು ಬೆವೆಲ್ ಗೇರು ಹಿಂದಿನ ಅಂಚಿನಲ್ಲಿ ಮುಟ್ಟುತ್ತೆ, ಕೊನೆಯ ಆಕ್ಸಲಿನದನ್ನು ಮುಂದಿನ ಅಂಚಿನಲ್ಲಿ. ಶಾಫ್ಟು ಒಂದೇ, ತಿರುಗುವ ದಿಕ್ಕೂ ಒಂದೇ. ಎರಡು ಬಳೆಯೂ ಎಡಗಡೆ ಇದ್ದರೆ ಎರಡು ಅಂಚನ್ನೂ ಅದು ಮೇಲಕ್ಕೇ ಎತ್ತುತ್ತೆ. ಹಿಂದಿನ ಅಂಚು ಮೇಲೇರಿದರೆ ಚಕ್ರ ಮುಂದಕ್ಕೆ ಉರುಳುತ್ತೆ, ಮುಂದಿನ ಅಂಚು ಮೇಲೇರಿದರೆ ಹಿಂದಕ್ಕೆ. ಒಂದೇ ಟ್ರಕ್ಕು, ಒಂದು ಆಕ್ಸಲು ಹೊರಡೋಣ ಅನ್ನುತ್ತೆ, ಇನ್ನೊಂದು ವಾಪಸ್ ಹೋಗೋಣ ಅನ್ನುತ್ತೆ. ಗಾಳಿಯಲ್ಲಿ ಎರಡೂ ತಮ್ಮ ತಮ್ಮ ದಿಕ್ಕಿಗೆ ಸುಖವಾಗಿ ತಿರುಗುತ್ತವೆ. ನೆಲದ ಹಿಡಿತ ಸಿಕ್ಕಿದ ಮೇಲೆ ಜಗಳ. ಬಾಡಿ, ಕ್ಯಾಬಿನ್, ಬ್ಯಾಟರಿ ಕೂಡಿ ತೂಕ ಹೆಚ್ಚಿದಷ್ಟೂ ಟೈರಿನ ಹಿಡಿತ ಬಿಗಿ, ಜಗಳವೂ ಬಿಗಿ.

ಚಾಸಿ ಮುಗಿದ ದಿನವೇ ಪರೀಕ್ಷೆ ಮಾಡಿದ್ದೆ. ಮಾಡಿದ ರೀತಿ ತಪ್ಪು. ತಲೆಕೆಳಗು ಮಾಡಿ, ಸ್ವಿಚ್ ಹಾಕಿ, ‘ತಿರುಗುತ್ತಾ? ತಿರುಗುತ್ತೆ’ ಅಂತ ಪುಟ ಮಗುಚಿದೆ. ಯಾವ ಕಡೆಗೆ ಅಂತ ನೋಡಲಿಲ್ಲ. ಮೇಲೆ ಇನ್ನೂ ಸಾವಿರದಿನ್ನೂರು ಭಾಗ ಕೂರಿಸಿ ಆದಮೇಲೆ ಗೊತ್ತಾದದ್ದಕ್ಕೆ ಆ ಎರಡು ಸೆಕೆಂಡೇ ಕಾರಣ.

ನಿಮ್ಮದೂ ಇದೇನಾ ಅಂತ ಒಂದು ಪಿನ್ನೂ ಕೀಳದೆ ನೋಡಬಹುದು. ಹಿಂದಿನ ಎರಡು ಆಕ್ಸಲುಗಳ ಒಂದೇ ಪಕ್ಕದ ಚಕ್ರಗಳಿಗೆ ತುಂಡು ಟೇಪ್ ಅಂಟಿಸಿ, ಟ್ರಕ್ಕನ್ನು ಎತ್ತಿ ಹಿಡಿದು ಅದೇ ಪಕ್ಕದಿಂದ ನೋಡಿ. ಟೇಪು ಎದುರುಬದುರಾಗಿ ಸುತ್ತಿದರೆ ಕಾಯಿಲೆ ಸಿಕ್ಕಿತು. ಇನ್ನೂ ಅನುಮಾನವಿದ್ದರೆ ನೆಲಕ್ಕಿಟ್ಟು ಕೊನೆಯ ಆಕ್ಸಲನ್ನಷ್ಟೇ ಬೆರಳಿನಿಂದ ಎತ್ತಿ: ಟ್ರಕ್ಕು ಒಂದು ದಿಕ್ಕಿಗೆ ಓಡುತ್ತೆ. ಅದನ್ನಿಳಿಸಿ ನಡು ಆಕ್ಸಲನ್ನು ಎತ್ತಿದರೆ ಉಲ್ಟಾ ದಿಕ್ಕಿಗೆ.

ಸರಿಪಡಿಸಲು ಇಡೀ ಟ್ರಕ್ಕು ಬಿಚ್ಚಬೇಕಾಗಿಲ್ಲ, ನಾನು ಬಿಚ್ಚಿದ್ದು ಗಾಬರಿಗೆ. ಒಂದು ಆಕ್ಸಲಿನ ಎರಡೂ ಚಕ್ರ ತೆಗೆದು, ಅರ್ಧ ಆಕ್ಸಲುಗಳನ್ನು ಎರಡೆರಡು ತೂತಿನಷ್ಟು, ಅಂದರೆ 16 ಮಿ.ಮೀ., ಹೊರಗೆಳೆಯಿರಿ. ಕೆಳಗಿನ ಅಡ್ಡ ಬೀಮು ಬಿಚ್ಚಿದರೆ ಡಿಫರೆನ್ಷಿಯಲ್ ಕೈಗೆ ಬರುತ್ತೆ. ಒಳಗಿನ ಮೂರು ಪುಟ್ಟ ಗೇರುಗಳು ಉದುರಿ ಮಂಚದಡಿ ಸೇರುವ ಮೊದಲು ಬೆರಳಲ್ಲಿ ಒತ್ತಿ ಹಿಡಿದು ಅರ್ಧ ಸುತ್ತು ತಿರುಗಿಸಿ ವಾಪಸ್ ಕೂರಿಸಿ. ಆಮೇಲೆ ಲಿವರ್ ಮುಂದಕ್ಕೆ ತಳ್ಳಿದರೆ ಟ್ರಕ್ಕು ಹಿಂದಕ್ಕೆ ಹೋಗಬಹುದು: ಸರಿ ಇದ್ದದ್ದನ್ನು ತಿರುಗಿಸಿ ತಪ್ಪಿದ್ದಕ್ಕೆ ಹೊಂದಿಸಿದ್ದೀರಿ ಅಂತ ಅರ್ಥ. ಮತ್ತೆ ಬಿಚ್ಚಬೇಡಿ. ರಿಮೋಟಿನಲ್ಲಿ ದಿಕ್ಕು ಬದಲಿಸುವ ಸ್ವಿಚ್ ಇದ್ದರೆ ಅದನ್ನು ಸರಿಸಿದರೆ ಮುಗಿಯಿತು.

ಟೇಪು ಒಂದೇ ಕಡೆಗೆ ಸುತ್ತಿದರೆ ಮಾತು ಬೇರೆ. ಆಗ ಮೋಟಾರನ್ನು ಗೇರಿನಿಂದ ಬಿಡಿಸಿ ಟ್ರಕ್ಕನ್ನು ಕೈಯಿಂದ ತಳ್ಳಿ. ಬಿಗಿ ಅನಿಸಿದರೆ ಬುಶ್ಶುಗಳನ್ನು, ಅಂದರೆ ಆಕ್ಸಲು ಜಾರದಂತೆ ಅದಕ್ಕೆ ತೊಡಿಸುವ ಪುಟ್ಟ ಉಂಗುರಗಳನ್ನು, ನೋಡಿ. ಬುಶ್ಶನ್ನು ಬೀಮಿಗೆ ಒತ್ತಿ ಕೂರಿಸಿದರೆ ಅದು ಬ್ರೇಕ್ ಆಗುತ್ತೆ, ನಡುವೆ ಒಂದು ಕಾಗದದ ಹಾಳೆ ಆಡುವಷ್ಟು ಸಂದು ಬೇಕು. ಒಂದು ತೂತು ಉದ್ದದ ಆಕ್ಸಲು ಹಾಕಿ ಅದರ ತುದಿ ಪಕ್ಕದ ಗೇರಿಗೆ ಉಜ್ಜುವುದು ಇನ್ನೊಂದು ಮಾಮೂಲಿ. ಆಕ್ಸಲನ್ನು ಬೀಮಿನ ಪಕ್ಕ ಹಿಡಿದು ತೂತು ಎಣಿಸಿದರೆ ಉದ್ದ ಗೊತ್ತಾಗುತ್ತೆ, ತೂತಿಗೆ 8 ಮಿ.ಮೀ. ಸ್ಟೇರಿಂಗ್ ಕೀಲಿನಲ್ಲಿ ಕಪ್ಪು ಪಿನ್ ಹಾಕಿದ್ದರೂ ಒದ್ದಾಡುತ್ತೆ. ಕಪ್ಪಿನದು ಬಿಗಿ ಹಿಡಿಯುವ ಪಿನ್ನು, ತಿರುಗಬೇಕಾದ ಕಡೆ ಬೂದು ಬಣ್ಣದ ನಯವಾದದ್ದು ಬೇಕು. ಮೋಟಾರಿನ ವೈರು ಶಾಫ್ಟಿಗೆ ಸುತ್ತಿಕೊಂಡಿದ್ದನ್ನೂ ಕಂಡಿದ್ದೇನೆ.

ಟಿಪ್ಪರ್ ತೊಟ್ಟಿ ಪೂರ್ತಿ ಏರಿದಾಗ ಬರುವ ಟಿಕ್ ಟಿಕ್ ಸದ್ದಿನ ಬಗ್ಗೆಯೂ ಕೇಳಿದ್ದೀರಿ. ಅದು ದೋಷ ಅಲ್ಲ, ತೊಟ್ಟಿಯನ್ನು ಎತ್ತುವ ಆಕ್ಚುಯೇಟರಿನ (ಉದ್ದಕ್ಕೆ ಚಾಚಿಕೊಳ್ಳುವ ದಂಡ) ಕ್ಲಚ್ಚು ಜಾರುವ ಸದ್ದು. ಬಟನ್ ಬಿಡಿ, ಅಷ್ಟೇ.

ಇನ್ನು ಸೆಟ್ ಕಳಪೆಯಾ ಅನ್ನುವುದು. ಓಡದ ಟ್ರಕ್ಕಿನ ಮೇಲೆ ತೀರ್ಪು ಕೊಡಬೇಡಿ, ಬಿಡಿಭಾಗದ ಎಣಿಕೆಯ ಮೇಲಂತೂ ಬೇಡವೇ ಬೇಡ. ಆ ಎರಡು ಸಾವಿರದಲ್ಲಿ ನೂರಾರು ಬರೀ ಪಿನ್ನುಗಳು. ಓಡಿದ ಮೇಲೆ ನಾನು ಹೀಗೆ ಅಳೆಯುತ್ತೇನೆ. ಎರಡು ಮೀಟರ್ ನೇರ ಓಡಿಸಿ ಪಕ್ಕಕ್ಕೆ ಎಷ್ಟು ಸರಿಯಿತು ಅಂತ ನೋಡುವುದು. ಒಂದು ಗೇಣಿಗಿಂತ ಹೆಚ್ಚು ಸರಿದರೆ ಸ್ಟೇರಿಂಗ್ ಮೋಟಾರನ್ನು ನಟ್ಟನಡುವೆ ನಿಲ್ಲಿಸದೆ ಗೇರು ಜೋಡಿಸಿರುತ್ತಾರೆ, ಅದು ಕಟ್ಟಿದವರ ತಪ್ಪು. ಸರಿ ಮಾಡಿಯೂ ಸರಿದರೆ ಕೀಲಿನ ಸಡಿಲ, ಅದು ಸೆಟ್ಟಿನದು. ಅರ್ಧ ಮೀಟರ್ ಹಲಗೆಯ ಒಂದು ತುದಿಗೆ 10 ಸೆಂ.ಮೀ. ಪುಸ್ತಕ ಪೇರಿಸಿ, ತೊಟ್ಟಿಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ ಇಟ್ಟು ಹತ್ತಿಸುವುದು. ಗೇರು ಟಕ್ ಅಂದು ಹಲ್ಲು ಜಾರಿದರೆ ಆ ಗೇರಿನ ಎರಡೂ ಪಕ್ಕ ಬೀಮಿನ ಆಸರೆ ಇಲ್ಲ ಅಂತ, ಅದು ವಿನ್ಯಾಸದ ಕೊರತೆ. ಮೇಲೆ ಹೇಳಿದ 7ರ ಲೆಕ್ಕದಲ್ಲಿ ಹೊಸ ಬ್ಯಾಟರಿಗೆ ಸೆಕೆಂಡಿಗೆ 18 ಸೆಂ.ಮೀ. ಮೀರಿ ಓಡುವುದಿಲ್ಲ, ‘ನಿಧಾನ’ ಅಂತ ಬೈಯುವ ಮೊದಲು ಇದು ಗೊತ್ತಿರಲಿ. ರೀಚಾರ್ಜ್ ಸೆಲ್ ಹಾಕಿದರೆ ಆರೂ ಸೇರಿ 7.2 ವೋಲ್ಟು, ಇನ್ನೂ ನಿಧಾನ.

ಕೊನೆಗೆ ಬ್ಯಾಟರಿ ಡಬ್ಬಿ. ಯಾರೂ ಮೊದಲು ಇದನ್ನು ನೋಡುವುದಿಲ್ಲ, ನನ್ನ ಪಟ್ಟಿಯಲ್ಲಿ ಇದಕ್ಕೇ ಹೆಚ್ಚು ಅಂಕ. ಒಂದು ಮುಚ್ಚಳ ಎತ್ತಿದರೆ ಸೆಲ್ ಬದಲಿಸುವಂತಿರಬೇಕು, ಮತ್ತು ಡಬ್ಬಿಯ ಭಾರ ಓಡಿಸುವ ಆಕ್ಸಲುಗಳ ಮೇಲೆ ಬೀಳಬೇಕು. ನನ್ನ ಸೆಟ್ಟು ಬಾಟಲಿ ಹೊತ್ತು ಹಲಗೆ ಹತ್ತಿತು, ಇಲ್ಲಿ ಸೋತಿತು: ಡಬ್ಬಿ ಕ್ಯಾಬಿನ್ನಿನ ಅಡಿಯಲ್ಲಿ, ಸ್ಟೇರಿಂಗ್ ಚಕ್ರಗಳ ಮೇಲೆ. ಪ್ರತಿ ಸಲ ಸೆಲ್ ಬದಲಿಸಲು ಕ್ಯಾಬಿನ್ನಿನ 14 ಪಿನ್ನು ಕೀಳಬೇಕು, ಅದರಲ್ಲಿ ಎರಡಕ್ಕೆ ಉಗುರು ಸಾಲದು, ಆಕ್ಸಲ್ ತುದಿಯಿಂದ ಹಿಂದಿನಿಂದ ತಳ್ಳಬೇಕು.